ವಾರ್ ರೋಬೋಟ್ಸ್: ಜೇಬಿಗೆ ಕೈ ಹಾಕದೆ ಆಡಿದರೂ ಮಜಾ ಇದೆಯಾ?

2014ರಲ್ಲಿ ಪಿಕ್ಸಾನಿಕ್ ಎಂಬ ಕಂಪನಿ ಐಫೋನ್‌ಗೆ ‘ವಾಕಿಂಗ್ ವಾರ್ ರೋಬೋಟ್ಸ್’ ಅಂತ, ದೈತ್ಯ ರೋಬೋಗಳು ತಂಡ ಕಟ್ಟಿಕೊಂಡು ಕಾದಾಡುವ ಒಂದು ಆಟ ತಂದಿತು. ಮರುವರ್ಷ ಆಂಡ್ರಾಯ್ಡ್‌ಗೂ ಬಂತು. ಆಮೇಲೆ ಹೆಸರಿನಿಂದ ‘ವಾಕಿಂಗ್’ ಉದುರಿಹೋಯಿತು, ಆಟ ಉಳಿಯಿತು. ಡೌನ್‌ಲೋಡ್ ಮಾಡಲು ದುಡ್ಡು ಬೇಡ. ಒಳಗೆ ಮಾತ್ರ ದೊಡ್ಡ ಅಂಗಡಿಯೇ ಇದೆ. ಆ ಅಂಗಡಿಯ ಕಡೆ ತಲೆ ಹಾಕದವರಿಗೆ ಇದು ಆಡುವಂಥ ಆಟವೇ? ಎರಡೂ ಕಡೆಯ ವಾದವನ್ನು ಸಾಧ್ಯವಾದಷ್ಟು ಗಟ್ಟಿಯಾಗಿ ಮುಂದಿಡುತ್ತೇನೆ. ನಾನು ಯಾವ ಕಡೆ ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಪರ

ಈ ಆಟದ ದೊಡ್ಡ ಗುಣ ಅದರ ನಿಧಾನ. ಮೊಬೈಲಿನ ಗುಂಡು ಹಾರಿಸುವ ಆಟಗಳಲ್ಲಿ ಹೆಚ್ಚಾಗಿ ಗೆಲ್ಲುವುದು ಬೆರಳಿನ ಚುರುಕು. ಹದಿನಾರರ ಹುಡುಗನ ಮುಂದೆ ನಲವತ್ತು ದಾಟಿದವರು ಅಲ್ಲಿ ನಿಲ್ಲುವುದು ಕಷ್ಟ. ಇಲ್ಲಿ ಹಾಗಿಲ್ಲ. ಎದುರಾಳಿ ಕಣ್ಣಿಗೆ ಬಿದ್ದರೆ ಗುರಿಯನ್ನು ಆಟವೇ ಹಿಡಿದುಕೊಡುತ್ತದೆ. ನಿಮಗೆ ಉಳಿಯುವುದು ಯೋಚನೆಯ ಕೆಲಸ. ಯಾವ ಕಟ್ಟಡದ ಮರೆಯಲ್ಲಿ ನಿಲ್ಲಬೇಕು, ಯಾವಾಗ ಹೊರಗೆ ಬರಬೇಕು, ಎಷ್ಟು ಹೊತ್ತಿಗೆ ವಾಪಸ್ ಸರಿಯಬೇಕು ಎಂಬ ಲೆಕ್ಕ. ಟನ್‌ಗಟ್ಟಲೆ ತೂಕದ ರೋಬೋ ಒಮ್ಮೆ ಬಯಲಿಗೆ ಕಾಲಿಟ್ಟರೆ ತಕ್ಷಣ ಓಡಿ ಹಿಂದೆ ಬರಲಾಗುವುದಿಲ್ಲ. ಆದ್ದರಿಂದ ತಪ್ಪು ಹೆಜ್ಜೆಗೆ ಬೆಲೆ ಇದೆ, ಸರಿಯಾದ ಹೆಜ್ಜೆಗೆ ಫಲವೂ ಇದೆ.

ಆಯುಧಗಳ ದೂರ ನೋಡಿ. ಓರ್ಕಾನ್ ರಾಕೆಟ್ 300 ಮೀಟರ್‌ವರೆಗೆ ಮಾತ್ರ ಹೋಗುತ್ತದೆ, ಆದರೆ ಹತ್ತಿರದಲ್ಲಿ ಸಿಕ್ಕವರನ್ನು ಪುಡಿ ಮಾಡುತ್ತದೆ. ಪನಿಷರ್ 500 ಮೀಟರ್, ಟ್ರೈಡೆಂಟ್ 600. ಟ್ರೆಬುಶೆ 1100 ಮೀಟರ್ ದೂರದಲ್ಲಿದ್ದವರನ್ನೂ ಬಿಡುವುದಿಲ್ಲ. ಓರ್ಕಾನ್ ಹೊತ್ತವರು ಗೋಡೆಯಿಂದ ಗೋಡೆಗೆ ಸರಿಯುತ್ತಾ ಹತ್ತಿರ ಬರಬೇಕು. ಟ್ರೆಬುಶೆ ಹೊತ್ತವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬಾರದು. ಅರ್ಧ ಆಟ ಈ ಎಳೆದಾಟದಲ್ಲೇ ಇದೆ. ಇದರ ಮೇಲೆ ಗುರಾಣಿಗಳ ತಲೆನೋವು ಬೇರೆ. ಎನರ್ಜಿ ಶೀಲ್ಡ್ ಗುಂಡನ್ನೂ ರಾಕೆಟ್ಟನ್ನೂ ತಡೆಯುತ್ತದೆ, ಪ್ಲಾಸ್ಮಾ ಮಾತ್ರ ಅದರೊಳಗಿಂದ ಸಲೀಸಾಗಿ ತೂರಿಹೋಗುತ್ತದೆ. ಎದುರಿಗೆ ಉಕ್ಕಿನ ಗುರಾಣಿ ಹಿಡಿದವನು ಬಂದರೆ ಸುಮ್ನೆ ಮುಂದಿನಿಂದ ಹೊಡೆಯುತ್ತಾ ಕೂರುವ ಬದಲು ಪಕ್ಕದಿಂದ ಸುತ್ತಿ ಬರುವುದೇ ವಾಸಿ.

ಇನ್ನು ಬೀಕನ್, ಅಂದರೆ ಹೋಗಿ ನಿಂತು ವಶಪಡಿಸಿಕೊಳ್ಳಬೇಕಾದ ಠಾಣೆ. ಒಂದೊಂದು ಕಡೆ ಆರು ಜನ, ಹತ್ತು ನಿಮಿಷದ ಮ್ಯಾಚ್, ಮೈದಾನದಲ್ಲಿ ಐದು ಬೀಕನ್. ನಿಮ್ಮ ತಂಡದ ಕೈಯಲ್ಲಿ ಬೀಕನ್ ಜಾಸ್ತಿ ಇದ್ದಷ್ಟೂ ಪರದೆಯ ಮೇಲೆ ಎದುರಾಳಿಯ ಅಂಕದ ಪಟ್ಟಿ ಬೇಗ ಕರಗುತ್ತದೆ, ಅದು ಖಾಲಿಯಾದರೆ ಅವರು ಸೋತರು. ಅಂದರೆ ಜಾಸ್ತಿ ರೋಬೋ ಉರುಳಿಸಿದ ತಂಡವೂ ಸೋಲಬಹುದು. ಕೊಸಾಕ್ ಎಂಬ ಪುಟ್ಟ ರೋಬೋವನ್ನೇ ತೆಗೆದುಕೊಳ್ಳಿ. ಶಕ್ತಿ ಅಷ್ಟಕ್ಕಷ್ಟೇ, ಆದರೆ ಓಡುತ್ತದೆ, ಎತ್ತರಕ್ಕೆ ಜಿಗಿಯುತ್ತದೆ. ದೊಡ್ಡವರೆಲ್ಲ ನಡುವೆ ಗುದ್ದಾಡುತ್ತಿರುವಾಗ ಹಿಂದಿನಿಂದ ಹೋಗಿ ಬೀಕನ್ ಕದ್ದು ಬರುತ್ತದೆ. ದುಡ್ಡು ಹಾಕದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಆಟಗಳಲ್ಲಿ ಸಿಗುವುದು ಅಪರೂಪ.

ಸತ್ತರೆ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂರಬೇಕಿಲ್ಲ ಅನ್ನುವುದೂ ಸಣ್ಣ ಮಾತಲ್ಲ. ಹ್ಯಾಂಗರ್‌ನಲ್ಲಿ, ಅಂದರೆ ನಿಮ್ಮ ರೋಬೋಗಳ ಕೊಟ್ಟಿಗೆಯಲ್ಲಿ, ಐದು ರೋಬೋ ಇಟ್ಟುಕೊಳ್ಳಬಹುದು. ಒಂದು ಬಿದ್ದರೆ ಇನ್ನೊಂದು ಇಳಿಯುತ್ತದೆ. ಯಾವುದನ್ನು ಮೊದಲು ಇಳಿಸಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು ಅನ್ನುವುದೂ ಒಂದು ಜಾಣತನ. ಎಷ್ಟೋ ಮೊಬೈಲ್ ಆಟಗಳಲ್ಲಿ ನಾಲ್ಕಾರು ಸಲ ಆಡಿದ ಮೇಲೆ ‘ಎನರ್ಜಿ ಮುಗಿಯಿತು, ಕಾಯಿರಿ’ ಅನ್ನುತ್ತಾರಲ್ಲ, ಆ ಕಾಟ ಇಲ್ಲಿಲ್ಲ. ಇಡೀ ದಿನ ಆಡಿದರೂ ಯಾರೂ ಕೇಳುವುದಿಲ್ಲ.

ಅಂಗಡಿ ಇದೆ ನಿಜ. ಆದರೆ ಸರ್ವರ್ ನಡೆಸುವ ಖರ್ಚು ಎಲ್ಲಿಂದ ಬರಬೇಕು? ಇದೇ ಜಾತಿಯ ‘ಹಾಕನ್’ ನೋಡಲು ತುಂಬಾ ಚೆಂದ ಇತ್ತು. 2018ರ ಜನವರಿಯಲ್ಲಿ ಅದರ ಪಿಸಿ ಸರ್ವರ್‌ಗಳನ್ನು ಮುಚ್ಚಿದರು. ಆಟಗಾರರು ತಾವೇ ತುಂಡು ತುಂಡು ಜೋಡಿಸಿ ರೋಬೋ ಕಟ್ಟುತ್ತಿದ್ದ ‘ರೋಬೋಕ್ರಾಫ್ಟ್’ 2025ರ ಆರಂಭದಲ್ಲಿ ಬಾಗಿಲು ಹಾಕಿತು. 2014ರ ವಾರ್ ರೋಬೋಟ್ಸ್ ಅಷ್ಟು ವರ್ಷ ಬಾಳಿದ್ದು ಕೊಳ್ಳುವವರು ಕೊಂಡಿದ್ದರಿಂದ. ಅವರ ಖರ್ಚಿನಲ್ಲಿ ಉಳಿದವರು ಬಿಟ್ಟಿ ಆಡುತ್ತಿದ್ದಾರೆ. ಅದಕ್ಕೆ ಗೊಣಗುವುದು ಏಕೆ?

ವಿರೋಧ

ಮೈದಾನದ ಬಗ್ಗೆ ಮೇಲೆ ಹೇಳಿದ್ದರಲ್ಲಿ ಹೆಚ್ಚಿನದನ್ನು ನಾನೂ ಒಪ್ಪುತ್ತೇನೆ. ತಕರಾರು ಇರುವುದು ಹ್ಯಾಂಗರ್ ಬಗ್ಗೆ. ನೀವು ಎಷ್ಟೇ ಚೆನ್ನಾಗಿ ಮರೆ ನೋಡಿ ನಿಂತರೂ, ಎದುರಾಳಿಯ ಗುಂಡು ನಿಮ್ಮ ಗುಂಡಿಗಿಂತ ಎರಡು ಪಟ್ಟು ನೋಯಿಸುವುದಾದರೆ ಆ ಜಾಣತನ ಎಲ್ಲಿಗೆ ಬಂತು?

ಲೆಕ್ಕ ಹಾಕೋಣ. ಗ್ರಿಫಿನ್ ಎಂಬ ಹಳೆಯ, ಜನಪ್ರಿಯ ರೋಬೋಗೆ ನಾಲ್ಕು ಆಯುಧ. ರೋಬೋ ಸೇರಿ ಐದು ವಸ್ತು. ಅಂಥ ಐದು ರೋಬೋ ಇಟ್ಟುಕೊಂಡರೆ 25 ವಸ್ತು ಆಯಿತು. ಪ್ರತಿಯೊಂದಕ್ಕೂ 12 ಲೆವೆಲ್, ಲೆವೆಲ್ ಏರಿದಷ್ಟೂ ಶಕ್ತಿ ಜಾಸ್ತಿ. ಒಂದರಿಂದ ಹನ್ನೆರಡಕ್ಕೆ ಹನ್ನೊಂದು ಅಪ್‌ಗ್ರೇಡ್. ಎಲ್ಲ ಕೂಡಿದರೆ 275. ಮೊದಲ ಅಪ್‌ಗ್ರೇಡ್‌ಗಳು ಬೇಗ ಮುಗಿಯುತ್ತವೆ. ಮೇಲೆ ಹೋದಂತೆ ಗಂಟೆಗಟ್ಟಲೆ, ಆಮೇಲೆ ದಿನಗಟ್ಟಲೆ ಕಾಯಬೇಕು. ಕಾಯಲಾರದವರು ಆಟದೊಳಗಿನ ನಾಣ್ಯವಾದ ಗೋಲ್ಡ್ ಕೊಟ್ಟರೆ ಕೆಲಸ ತಕ್ಷಣ ಆಗುತ್ತದೆ. ಸರಿ, 12 ಮುಟ್ಟಿದಿರಿ ಅಂದುಕೊಳ್ಳಿ. ಆಗ ಎಂಕೆ 2 ಅಂತ ಅದೇ ವಸ್ತುವಿನ ಇನ್ನೂ ಬಲವಾದ ರೂಪ ಬರುತ್ತದೆ. ಮತ್ತೆ 1ನೇ ಲೆವೆಲ್‌ನಿಂದ ಏರಿಸಿಕೊಂಡು ಬನ್ನಿ. ಇದಿಷ್ಟೂ ಬರೀ ರೋಬೋ ಮತ್ತು ಆಯುಧದ ಮಾತು. ವರ್ಷಗಳು ಕಳೆದಂತೆ ಪೈಲಟ್ ಬಂದ, ಡ್ರೋನ್ ಬಂತು, ಟೈಟನ್ ಬಂತು, ಮದರ್‌ಶಿಪ್ ಬಂತು. ಒಂದೊಂದಕ್ಕೂ ಅದರದೇ ಏಣಿ. ಹೊಸದಾಗಿ ಸೇರಿದವರಿಗೆ ಇದು ಮೆಟ್ಟಿಲು ಕೂಡಿಸುತ್ತಲೇ ಇರುವ ಬೆಟ್ಟ ಹತ್ತಿದ ಹಾಗೆ.

ಪರ ವಾದದಲ್ಲಿ ನಿಧಾನವನ್ನು ಹೊಗಳಿದ್ದಾಯಿತು. ಆ ನಿಧಾನ ಈಗ ಎಲ್ಲಿದೆ? 2017ರಲ್ಲಿ ಹೇಚಿ, ಬುಲ್ಗಸಾರಿ, ಕುಮಿಹೊ ಎಂಬ ಮೂರು ರೋಬೋ ಬಂದವು. ಕೊರಿಯಾದ ಜನಪದ ಕಥೆಗಳ ಪ್ರಾಣಿಗಳ ಹೆಸರು, ಹೆಸರುಗಳೇನೋ ಚೆಂದ. ಆದರೆ ಇವು ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೋ ಮುಂದಕ್ಕೋ ಚಿಮ್ಮುತ್ತಿದ್ದವು. ಅಲ್ಲಿಯವರೆಗೆ 300 ಮೀಟರ್ ಅಂತರ ದಾಟಲು ಗೋಡೆಯ ಮರೆ ಹುಡುಕಬೇಕಿತ್ತು. ಈಗ ಗ್ರಿಫಿನ್ ತಿರುಗಿ ನೋಡುವುದರೊಳಗೆ ಹೇಚಿ ಮುಖದ ಮುಂದೆ ಇರುತ್ತಿತ್ತು. ದೂರದ ಲೆಕ್ಕದ ಮೇಲೆ ನಿಂತಿದ್ದ ಆಟ, ಆ ಲೆಕ್ಕವನ್ನೇ ತಪ್ಪಿಸುವ ಸರಕನ್ನು ಮಾರತೊಡಗಿತು. ಆಮೇಲೆ ಕಣ್ಣಿಗೆ ಕಾಣದಂತೆ ಮರೆಯಾಗುವವು, ಹಾರುವವು, ತಿಂದ ಏಟನ್ನೇ ಕೂಡಿಟ್ಟು ತಿರುಗಿ ಬಾರಿಸುವವು ಒಂದರ ಹಿಂದೆ ಒಂದು ಬಂದವು. ಮೇಲಿನ ವಾದದಲ್ಲಿ ಬಣ್ಣಿಸಿದ ಆಟ ಮೊದಲ ಎರಡು ಮೂರು ವರ್ಷಗಳದು. ಅದು ಈಗ ಉಳಿದಿರುವುದು ಕೆಳಗಿನ ಲೀಗ್‌ಗಳಲ್ಲಿ, ಅಂದರೆ ಗೆಲುವು ಸೋಲು ನೋಡಿ ಆಟಗಾರರನ್ನು ವಿಂಗಡಿಸುವ ದರ್ಜೆಗಳ ಕೆಳಗಿನವುಗಳಲ್ಲಿ ಮಾತ್ರ.

ಕೆಳಗಿನ ಲೀಗ್‌ಗಳೂ ಪೂರ್ತಿ ಸೇಫ್ ಅಲ್ಲ. ಟ್ಯಾಂಕಿಂಗ್ ಅನ್ನುವ ಚಾಳಿ ಆಡುವವರಿಗೆಲ್ಲ ಗೊತ್ತು. ಬೇಕಂತಲೇ ಮ್ಯಾಚ್ ಸೋತು ಲೀಗ್ ಇಳಿಯುವುದು, ಆಮೇಲೆ ಭಾರೀ ರೋಬೋ ಇಳಿಸಿ ಹೊಸಬರನ್ನು ಚಚ್ಚುವುದು. ಮೇಲೆ ಆಡುವುದು ಅಷ್ಟು ಸುಸ್ತು ಮಾಡುವುದರಿಂದಲೇ ಜನ ಕೆಳಗೆ ಇಳಿಯುತ್ತಾರೆ. ಅಂದರೆ ಇದೂ ಅದೇ ಏಣಿ ಹುಟ್ಟಿಸಿದ ರೋಗ.

ದುಡ್ಡು ಕೊಟ್ಟವರಾದರೂ ನೆಮ್ಮದಿಯಾಗಿದ್ದಾರಾ? ಹೊಸ ರೋಬೋ ಬಂದಾಗ ಅದರ ಮುಂದೆ ಯಾರೂ ನಿಲ್ಲಲಾರರು. ಕೆಲವು ತಿಂಗಳಲ್ಲಿ ಅದರ ಶಕ್ತಿ ಇಳಿಸುತ್ತಾರೆ. ಆಟಗಾರರ ಬಾಯಲ್ಲಿ ಇದು ‘ನರ್ಫ್’. ಅಷ್ಟೊತ್ತಿಗೆ ಅಂಗಡಿಯಲ್ಲಿ ಇನ್ನೊಂದು ಕೂತಿರುತ್ತದೆ. ದುಡ್ಡು ಹಾಕಿ ಕೊಂಡದ್ದು ಕೈಯಲ್ಲೇ ಇದ್ದರೂ ಕೊಂಡಾಗಿನ ಹಾಗೆ ಇರುವುದಿಲ್ಲ.

ಬ್ಲ್ಯಾಕ್ ಮಾರ್ಕೆಟ್ ಎಂಬ ಪೆಟ್ಟಿಗೆ ತೆರೆಯುವ ವಿಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಏನಿದೆ ಅಂತ ತೆರೆದ ಮೇಲೆಯೇ ತಿಳಿಯುವ ಪೆಟ್ಟಿಗೆಗಳು ಎಷ್ಟೋ ಆಟಗಳಲ್ಲಿವೆ. ದುಡ್ಡು ಕೊಟ್ಟು ತೆರೆಯುವ ಅಂಥ ಪೆಟ್ಟಿಗೆಗಳನ್ನು 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಜೂಜು ಅಂತಲೇ ಕರೆಯಿತು. ಆಗ ಅದರ ಕಣ್ಣಿಗೆ ಬಿದ್ದದ್ದು ಬೇರೆ ಆಟಗಳು, ಆದರೆ ಕಾರಣ ಇಲ್ಲಿಗೂ ಹೊಂದುತ್ತದೆ. ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಅಂತ ಮೊದಲೇ ತೋರಿಸಬೇಕು ಎಂದು ಆಪಲ್ 2017ರ ಕೊನೆಯಲ್ಲಿ ನಿಯಮ ತಂದಿತು. ಒಳ್ಳೆಯದೇ. ಆದರೆ ಮಕ್ಕಳು ಆ ಶೇಕಡಾ ಲೆಕ್ಕ ಓದಿಕೊಂಡು ಪೆಟ್ಟಿಗೆ ತೆರೆಯುತ್ತಾರಾ?

ಇನ್ನು ಸರ್ವರ್ ಖರ್ಚಿನ ವಾದ. ಖರ್ಚು ಇದೆ, ಒಪ್ಪೋಣ. ಅದನ್ನು ಹೊಂದಿಸಲು ಇದೊಂದೇ ದಾರಿ ಅನ್ನುವುದು ತಪ್ಪು. ಕೆನಡಾದ ಪಿರಾನ್ಹಾ ಗೇಮ್ಸ್ 2013ರಲ್ಲಿ ತಂದ ‘ಮೆಕ್‌ವಾರಿಯರ್ ಆನ್‌ಲೈನ್’ ಕೂಡ ಬಿಟ್ಟಿ ಆಟವೇ. 12 ಜನರ ಎದುರು 12 ಜನ. ಅಲ್ಲಿ 20 ಟನ್‌ನಿಂದ 100 ಟನ್‌ವರೆಗಿನ ಮೆಕ್‌ಗಳಿವೆ, ಅಂದರೆ ಒಳಗೆ ಕೂತು ನಡೆಸುವ ದೈತ್ಯ ಯುದ್ಧಯಂತ್ರಗಳು. ತೂಕದ ಮಿತಿಯೊಳಗೆ ನೀವೇ ಆಯುಧ, ಕವಚ, ಎಂಜಿನ್ ಹೊಂದಿಸಬೇಕು. ದೊಡ್ಡ ಎಂಜಿನ್ ಹಾಕಿದರೆ ಆಯುಧಕ್ಕೆ ಜಾಗ ಕಡಿಮೆ. ಒಟ್ಟಿಗೆ ಎಲ್ಲ ಆಯುಧ ಹಾರಿಸಿದರೆ ಮೆಕ್ ಕಾದು ತಾನಾಗಿ ಆಫ್ ಆಗುತ್ತದೆ. ಆಡಿ ಗಳಿಸಿದ ನಾಣ್ಯದಲ್ಲಿ ಕೊಂಡ ಲೇಸರ್ ಕೂಡ ಸಾಹುಕಾರನ ಲೇಸರ್‌ನಷ್ಟೇ ಸುಡುತ್ತದೆ. ಆ ಕಂಪನಿಯೇನು ಸನ್ಯಾಸಿ ಅಲ್ಲ. ಒಮ್ಮೆ 500 ಡಾಲರ್‌ಗೆ ಒಂದು ಚಿನ್ನದ ಬಣ್ಣದ ಮೆಕ್ ಮಾರಲು ಹೋಗಿ ಎಲ್ಲರ ಕೈಲಿ ಬೈಸಿಕೊಂಡಿತು. ಆದರೆ ಆ ಚಿನ್ನದ ಮೆಕ್‌ಗೂ ಗುಂಡು ತಾಗಿದರೆ ತೂತು ಬೀಳುತ್ತಿತ್ತು. ಅದನ್ನು ಉರುಳಿಸುವ ಖುಷಿ ಬಿಟ್ಟಿ ಆಟಗಾರನಿಗೂ ಸಿಗುತ್ತಿತ್ತು.

ಕೊಂಡವರ ಖರ್ಚಿನಲ್ಲಿ ಉಳಿದವರು ಆಡುತ್ತಿದ್ದಾರೆ ಎಂಬ ಮಾತನ್ನೂ ಸ್ವಲ್ಪ ತಿರುಗಿಸಿ ನೋಡಬೇಕು. ಅಷ್ಟು ದುಡ್ಡು ಸುರಿದವನಿಗೆ ಹೊಡೆಯಲು ಯಾರಾದರೂ ಎದುರಿಗೆ ಬೇಕು, ಅಲ್ವಾ? ಕೊಳ್ಳುವವರು ಮಾತ್ರ ಇದ್ದರೆ ಮ್ಯಾಚ್ ತುಂಬುವುದೇ ಇಲ್ಲ. ಬಿಟ್ಟಿ ಆಟಗಾರ ಅಲ್ಲಿ ಬರೀ ಅತಿಥಿ ಅಲ್ಲ, ಮನರಂಜನೆಯ ಒಂದು ಭಾಗವೂ ಹೌದು.

ಎಲ್ಲರಿಗೂ ಸಮನಾದ ರೋಬೋ ಕೊಟ್ಟು ಆಡಿಸುವ ಸ್ಕರ್ಮಿಶ್ ಪಂದ್ಯಗಳು ವಾರ್ ರೋಬೋಟ್ಸ್‌ನಲ್ಲೇ ನಡೆದಿವೆ. ಅಂದರೆ ಹಾಗೆ ಮಾಡಲು ಅವರಿಗೆ ಬರುತ್ತದೆ. ಅದನ್ನು ವರ್ಷವಿಡೀ ತೆರೆದಿಟ್ಟರೆ ನನ್ನ ತಕರಾರಿನಲ್ಲಿ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಹಾಕಿಕೊಳ್ಳಿ, ಕೊಸಾಕ್ ಇಟ್ಟುಕೊಂಡು ಬೀಕನ್ ಕದಿಯಿರಿ, ಸಿಲ್ವರ್ ಲೀಗ್ ತನಕ ಮಜಾ ಮಾಡಿ. ಮ್ಯಾಚ್ ಆಡುವುದಕ್ಕಿಂತ ಅಪ್‌ಗ್ರೇಡ್ ಗಡಿಯಾರ ನೋಡುವುದೇ ಜಾಸ್ತಿ ಆದ ದಿನ ಫೋನಿನಿಂದ ತೆಗೆದುಹಾಕಿ.