ದೊಡ್ಡಪ್ಪನ ಕಾಲ ಬಳಿಯ ಪಾರಿವಾಳ

ಬೆಳಿಗ್ಗೆ ಹಿತ್ತಿಲಿಗೆ ಹೋದರೆ ದಾಸವಾಳ ಅರಳಿತ್ತು. ಕೈಯಲ್ಲಿ ಫೋನಿತ್ತು. ಒಂದು ಫೋಟೋ ತೆಗೆದೆ, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಇದರಲ್ಲಿ ವಿಶೇಷ ಏನೂ ಇಲ್ಲ. ಗುಂಪಿನಲ್ಲಿ ಇಪ್ಪತ್ತಾರು ಜನ ಇದ್ದೇವೆ, ಎಲ್ಲರ ಮನೆಯಲ್ಲೂ ದಾಸವಾಳ ಇದೆ, ಎಲ್ಲರೂ ಹಾಕುತ್ತಾರೆ.

ಹತ್ತು ನಿಮಿಷಕ್ಕೆ ಅಣ್ಣನ ಮಗ ಅದೇ ಫೋಟೋವನ್ನು ವಾಪಸ್ ಕಳಿಸಿದ. ಹೂವು ಇನ್ನಷ್ಟು ಕೆಂಪಾಗಿತ್ತು. ಆಷಾಢದ ಮೋಡ ಹೋಗಿ ಆಕಾಶ ನೀಲಿಯಾಗಿತ್ತು. ಹಿಂದುಗಡೆ ಬಟ್ಟೆ ಒಣಹಾಕುವ ಹಗ್ಗ ಇತ್ತಲ್ಲ, ಅದು ಮಾಯ. ಹಗ್ಗದ ಜತೆಗೆ ನನ್ನ ಪಂಚೆಯೂ ಮಾಯ.

"ಕ್ಲೀನ್ ಮಾಡ್ದೆ ಚಿಕ್ಕಪ್ಪ" ಅಂತ ಕೆಳಗೆ ಬರೆದಿದ್ದ.

ಒಗೆದು ಹಿಂಡಿ ಹಾಕಿದ ಪಂಚೆ. ಅದನ್ನು ಇನ್ನೇನು ಕ್ಲೀನ್ ಮಾಡುವುದು?

1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ, ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತಂತೆ. ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಈಗ 23 ಸೆಕೆಂಡಿನಲ್ಲಿ ನಮ್ಮ ಅತ್ತಿಗೆ ಒಂದೇ ಪಡ್ಡಿನ ಹನ್ನೊಂದು ಫೋಟೋ ಹಾಕಿಬಿಡುತ್ತಾರೆ. ಅದನ್ನಾದರೂ ಸಹಿಸಬಹುದು, ಪಡ್ಡು ಪಡ್ಡಿನ ಹಾಗೇ ಕಾಣುತ್ತದೆ. ಸೆಲ್ಫಿಗಳದ್ದು ಬೇರೆ ಕಥೆ. ಬ್ಯೂಟಿ ಮೋಡ್ ಅಂತ ಒಂದಿದೆ. ಹೆಸರಿಗೆ ಬ್ಯೂಟಿ, ಮಾಡುವುದು ಸುಣ್ಣ ಬಳಿಯುವ ಕೆಲಸ. ನಮ್ಮ ಮನೆತನದಲ್ಲಿ ಇಷ್ಟು ಬೆಳ್ಳಗಿನವರು ಯಾವ ಕಾಲಕ್ಕೂ ಇರಲಿಲ್ಲ.

ಇರಲಿ. ಮೊದಲೇನು ಮೋಸ ಇರಲಿಲ್ಲವಾ? ಇತ್ತು. ಸಾಗರದಲ್ಲಿ ನಾವು ಫೋಟೋ ತೆಗೆಸುತ್ತಿದ್ದ ಸ್ಟುಡಿಯೋದವರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಬಗ್ಗಿ ಕೂತಿರುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಸುಕ್ಕಿನ ಗೆರೆ ಮೇಲೆ ಮೆಲ್ಲಗೆ ಪೆನ್ಸಿಲ್ ಆಡಿಸಿದರೆ ಹತ್ತು ವರ್ಷ ವಯಸ್ಸು ಇಳಿಯುತ್ತಿತ್ತು.

ಅವರ ದೊಡ್ಡ ಸಾಹಸ ಮಾತ್ರ ನಮ್ಮ ದೊಡ್ಡಪ್ಪ.

1981ರಲ್ಲಿ ಅಜ್ಜನಿಗೆ ಅರವತ್ತು ತುಂಬಿತು. ಶಾಂತಿ ಮಾಡಿಸಿ, ಮರುದಿನ ಎಲ್ಲರೂ ಸ್ಟುಡಿಯೋಗೆ ಹೋಗಿ ಒಂದು ಫೋಟೋ ತೆಗೆಸುವುದು ಅಂತಾಯಿತು. ದೊಡ್ಡಪ್ಪ ಬೊಂಬಾಯಿಯಲ್ಲಿದ್ದರು, ರಜೆ ಸಿಗಲಿಲ್ಲ. ಹಿರೀಮಗ ಇಲ್ಲದೆ ಫೋಟೋ ಬೇಡ ಅಂತ ಅಜ್ಜ ಹಟ ಹಿಡಿದು ಕೂತರು. ಸ್ಟುಡಿಯೋದವರು, "ಜಾಗ ಬಿಟ್ಟು ತೆಗೀತೀನಿ ರಾಯರೇ, ಅವರದ್ದೊಂದು ನಿಂತಿರೋ ಫೋಟೋ ತರಿಸಿ ಕೊಡಿ" ಅಂದರು.

ಆ ಜಾಗ ಬಿಟ್ಟದ್ದು ನನ್ನ ಮತ್ತು ಅಪ್ಪನ ನಡುವೆ. ನನಗೆ ಏಳು ವರ್ಷ. ಪಕ್ಕದಲ್ಲಿ ಯಾರೂ ಇಲ್ಲ, ಆದರೂ ಯಾರೋ ಇರುವ ಹಾಗೆ ನಿಲ್ಲಬೇಕು. ಎರಡು ಸಲ ಅಪ್ಪನ ಕಡೆ ಸರಿದೆ, ಎರಡು ಸಲ ಬೈಸಿಕೊಂಡೆ. ಫೋಟೋದಲ್ಲಿ ನನ್ನ ಮುಖ ಊದಿಕೊಂಡಿರುವುದು ಅದಕ್ಕೇ.

ತಿಂಗಳಾದ ಮೇಲೆ ಬೊಂಬಾಯಿಯಿಂದ ಲಕೋಟೆ ಬಂತು. ಗೇಟ್‌ವೇ ಆಫ್ ಇಂಡಿಯಾ ಮುಂದೆ ದೊಡ್ಡಪ್ಪ, ಪ್ಯಾಂಟು ಬೂಟಿನಲ್ಲಿ, ಸಮುದ್ರದ ಕಡೆ ನೋಡುತ್ತಾ. ಸ್ಟುಡಿಯೋದವರು ಅವರನ್ನು ಬ್ಲೇಡಿನಲ್ಲಿ ಕತ್ತರಿಸಿ, ನಮ್ಮ ನಡುವೆ ಅಂಟಿಸಿ, ಇನ್ನೊಂದು ಸಲ ಫೋಟೋ ಹೊಡೆದರು. ಫೋಟೋಶಾಪ್ ಅಂಗಡಿಗೆ ಬಂದದ್ದು 1990ರಲ್ಲಿ. ನಮ್ಮೂರಿನವರು ಒಂಬತ್ತು ವರ್ಷ ಮುಂದಿದ್ದರು. ಕೆಲಸ ತಕ್ಕಮಟ್ಟಿಗೆ ಚೆನ್ನಾಗೇ ಆಗಿತ್ತು. ಎರಡೇ ಐಬು. ದೊಡ್ಡಪ್ಪ ನೆಲದಿಂದ ಗೇಣುದ್ದ ಮೇಲೆ ನಿಂತಿದ್ದರು. ಮತ್ತೆ ಅವರ ಬೂಟಿನ ಪಕ್ಕದಲ್ಲಿ ಒಂದು ಪಾರಿವಾಳ ಇತ್ತು. ಅದೂ ಬೂದು, ಪ್ಯಾಂಟೂ ಬೂದು. ಬ್ಲೇಡಿಗೆ ಗೊತ್ತಾಗಿಲ್ಲ.

ಅಜ್ಜ ಒಂದು ಮಾತೂ ಆಡದೆ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದರು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಪಾರಿವಾಳದ ವಿಷಯ. ಆಮೇಲೆ ಅಜ್ಜನ ಆರೋಗ್ಯ. ದೊಡ್ಡಪ್ಪ ಸೈಟು, ಷೇರು ಅಂತ ದೊಡ್ಡ ದೊಡ್ಡ ಮಾತಾಡಿದಾಗಲೆಲ್ಲ ದೊಡ್ಡಮ್ಮ ಗೋಡೆ ಕಡೆ ಕೈ ತೋರಿಸಿ, "ಇವರ ಕಾಲು ಯಾವತ್ತು ನೆಲ ಮುಟ್ಟಿದೆ, ನೀವೇ ನೋಡಿ" ಅನ್ನುತ್ತಿದ್ದರು.

ಪಂಚೆ ಪ್ರಕರಣದ ಸಂಜೆ ಅಣ್ಣನ ಮಗ ಈ ಫೋಟೋಕ್ಕೇ ಕೈ ಹಾಕಿದ. ಯಾವುದೋ ಆ್ಯಪ್‌ಗೆ ಕೊಟ್ಟು ಬಣ್ಣ ಬರಿಸಿ ಗುಂಪಿಗೆ ಹಾಕಿದ. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ಉಳಿದಿರುವುದಿಲ್ಲ, ಯಂತ್ರ ಊಹೆ ಮಾಡುತ್ತದೆ. ಅಜ್ಜಿಗೆ ನೀಲಿ ಸೀರೆ ಉಡಿಸಿತ್ತು. ಅವತ್ತು ಅಜ್ಜಿ ಉಟ್ಟದ್ದು ಅರಿಶಿನ ಬಣ್ಣದ್ದು. ನನಗೆ ಚೆನ್ನಾಗಿ ನೆನಪಿದೆ, ಅತ್ತು ಮೂಗು ಒರೆಸಿಕೊಂಡದ್ದು ಅದರ ಸೆರಗಿಗೇ. ಆ ಊದಿದ ಮುಖದಲ್ಲಿ ಈಗ ಸಣ್ಣ ನಗು ಬೇರೆ. ದೊಡ್ಡಪ್ಪ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದಾರೆ. ಪಾರಿವಾಳ ಇದ್ದಲ್ಲಿ ಒಂದು ಹಿತ್ತಾಳೆ ತಂಬಿಗೆ.

ತಂಬಿಗೆ! ಸ್ಟುಡಿಯೋದಲ್ಲಿ, ಬೂಟು ಹಾಕಿದವರ ಕಾಲ ಬಳಿ!

ಹತ್ತೊಂಬತ್ತು ಜನ ಹೆಬ್ಬೆರಳು ಎತ್ತಿದರು. ಒಬ್ಬರೂ ಪಾರಿವಾಳದ ಸುದ್ದಿ ಎತ್ತಲಿಲ್ಲ. ದೊಡ್ಡಮ್ಮ ಇದ್ದಿದ್ದರೆ ಬಿಡುತ್ತಿರಲಿಲ್ಲ.

ರಾತ್ರಿ ಊಟ ಆದ ಮೇಲೆ ನಾನೂ ಆ ಆ್ಯಪ್ ಹಾಕಿಕೊಂಡೆ. ಕನ್ನಡಕ ಏರಿಸಿಕೊಂಡು, ದೊಡ್ಡಪ್ಪನ ಬೂಟಿನ ಪಕ್ಕ ಬೆರಳಲ್ಲಿ ಸುತ್ತು ಹಾಕಿ 'ಪಾರಿವಾಳ' ಅಂತ ಬರೆದೆ. ಮೊದಲ ಸಲ ಎರಡು ಬಿಳಿ ಹಕ್ಕಿ ಬಂದವು, ನಡುವೆ ಒಂದು ಗುಲಾಬಿ. ಮದುವೆ ಕರೆಯೋಲೆಯ ಹಾಗೆ. ಎರಡನೇ ಸಲ ದೊಡ್ಡಪ್ಪನ ಬೂಟೇ ಹೋಯಿತು. ಏಳನೇ ಸಲಕ್ಕೆ ಒಂದು ಬೂದು ಹಕ್ಕಿ ಬಂತು. ಗಾತ್ರ ಸ್ವಲ್ಪ ಜಾಸ್ತಿ, ಅವರ ಮೊಣಕಾಲಿನವರೆಗೆ. ಹನ್ನೊಂದೂವರೆ ಆಗಿತ್ತು. ಸಾಕು ಅಂತ ಗುಂಪಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಅತ್ತಿಗೆಯ ಮೆಸೇಜು: "ಈ ಕೋಳಿ ಎಲ್ಲಿಂದ ಬಂತು? ನಮ್ಮನೇಲಿ ಯಾರೂ ಸಾಕಿರಲಿಲ್ವಲ್ಲ."

ಅದರ ಕೆಳಗೆ ಅಣ್ಣನ ಮಗ: "ತೆಗೀಲಾ ಚಿಕ್ಕಪ್ಪ?"