45 ಡೆಸಿಬಲ್ ನಿದ್ದೆ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸಭೆ ಸೇರಿತ್ತು. ವಿಷಯ ಒಂದೇ: ರಾತ್ರಿ ಹತ್ತರ ಮೇಲೆ ಸದ್ದು. ಕೂತವರು ಮೂವತ್ತು ಜನ, ತರಿಸಿದ್ದು ಎರಡು ದೊಡ್ಡ ಸ್ಪೀಕರ್ ಬಾಕ್ಸ್. ಸೆಕ್ರೆಟರಿ ಮೈಕ್ ಹಿಡಿದು "ಹಲೋ" ಅಂದರು. ಅದು ಕುಂಯ್ ಅಂತ ಕಿರುಚಿದ ರಭಸಕ್ಕೆ ಮುಂದಿನ ಸಾಲಿನಲ್ಲಿ ಅಮ್ಮನ ಹೆಗಲ ಮೇಲೆ ಮಲಗಿದ್ದ ಕೂಸು ಎದ್ದು ಅಳಲು ಶುರು ಮಾಡಿತು. ಸಭೆಯೂ ಶುರುವಾಯಿತು.

ದೂರುಗಳೆಲ್ಲ ಮೇಲಿನ ಮನೆಯವರ ಮೇಲೆ. ಎರಡನೇ ಮಹಡಿಯವರು ರಾತ್ರಿ ಗೋಲಿ ಆಡುತ್ತಾರೆ ಅಂತ ಮೊದಲನೇ ಮಹಡಿಯವರ ಆರೋಪ. ಎರಡನೇ ಮಹಡಿಯಲ್ಲಿ ಇರುವುದು ಇಬ್ಬರು ವಯಸ್ಸಾದವರು. ಅವರಿಗೂ ಗೋಲಿ ಕೇಳುತ್ತದೆ, ಅವರ ಅನುಮಾನ ಮೂರನೇ ಮಹಡಿಯ ಮೇಲೆ. ಕಡೆಗೆ ನಾಲ್ಕನೇ ಮಹಡಿಯವರು ಎದ್ದು ನಿಂತು ತಮಗೂ ಗೋಲಿ ಉರುಳುವುದು ಕೇಳಿಸುತ್ತದೆ ಅಂದರು. ಅವರ ಮೇಲೆ ಇರುವುದು ನೀರಿನ ಟ್ಯಾಂಕು ಮಾತ್ರ. ಎಲ್ಲರೂ ಒಮ್ಮೆ ಚಾವಣಿ ನೋಡಿದರು.

ಆಮೇಲೆ ಸೆಕ್ರೆಟರಿ ಕಾನೂನಿನ ಪ್ರಿಂಟ್ ಔಟ್ ತೆಗೆದರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಜನ ವಾಸಿಸುವ ಬಡಾವಣೆಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ, ಅಲ್ಲಿ ರಾತ್ರಿ 40. ವಾಸದ ಬಡಾವಣೆಯಲ್ಲಿ ರಾತ್ರಿ ಹಾರ್ನ್ ಮಾಡುವಂತಿಲ್ಲ, ಸದ್ದು ಮಾಡುವ ಕಟ್ಟಡದ ಯಂತ್ರ ನಡೆಸುವಂತಿಲ್ಲ. ಈ ಎರಡು 2010ರಲ್ಲಿ ಸೇರಿದ್ದು. "ಹಾರ್ನ್ ಮಾಡುವಂತಿಲ್ಲ" ಅನ್ನುವ ಹೊತ್ತಿಗೆ ಸರಿಯಾಗಿ ಹಿಂದೆ ಒಂದು ಕಾರು ರಿವರ್ಸ್ ಬಂತು, ಪೂರ್ತಿ ಭಜನೆಯ ಟ್ಯೂನ್ ಹಾಕಿಕೊಂಡು. ಯಾರದ್ದು ಅಂತ ತಿರುಗಿ ನೋಡಿದರೆ ಟ್ರೆಷರರ್‌ದು. ಸಭೆಗೆ ತಡವಾಯಿತು ಅಂತ ಓಡಿ ಬಂದಿದ್ದರು ಪಾಪ.

ಆಮೇಲೆ ಬಂತು ನೋಡಿ ಅಸಲಿ ಸ್ವಾರಸ್ಯ. ಅಳತೆ ಹಿಡಿದು ದೂರು ಕೊಡಬೇಕಾದರೆ ಸದ್ದು ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇರಬೇಕಂತೆ. ಹತ್ತು ತಾನೇ, ಏನು ಮಹಾ ಅಂತ ನಾವು ಅಂದುಕೊಂಡೆವು. ಮೂರನೇ ಮಹಡಿಯ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು ಎದ್ದು ನಿಂತರು. "ಡೆಸಿಬಲ್ ಅಂದರೆ ತರಕಾರಿ ತೂಕ ಅಲ್ಲ ಕಣ್ರೀ. ಹತ್ತು ಏರಿತು ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು ಅಂತ." ಅಂದರೆ ಸರ್ಕಾರ ಹೇಳುವುದು ಇಷ್ಟು: ಸ್ವಲ್ಪ ಗಲಾಟೆ ಆದರೆ ದಿಂಬು ಕಿವಿ ಮೇಲೆ ಇಟ್ಟುಕೊಂಡು ಮಲಗು, ಹತ್ತು ಪಟ್ಟಾದ ಮೇಲೆ ಎದ್ದು ಬಾ.

ನಾನು ಒಂದು ಸಲ ಎದ್ದು ಹೋಗಿದ್ದೆ. ಪಕ್ಕದ ಸೈಟಿನಲ್ಲಿ ರಾತ್ರಿ ಒಂದಕ್ಕೆ ಮೋಲ್ಡ್ ಹಾಕುತ್ತಿದ್ದರು. ಕಾಂಕ್ರೀಟ್ ಲಾರಿ ಗರಗರ ತಿರುಗುತ್ತಿತ್ತು. ಕಂಟ್ರಾಕ್ಟರ್ ಕೈ ಮುಗಿದ. "ಏನ್ಮಾಡ್ಲಿ ಸಾರ್, ಟ್ರಾಫಿಕ್ ಹೊತ್ತಲ್ಲಿ ದೊಡ್ಡ ಲಾರಿ ಒಳಗೆ ಬಿಡಲ್ಲ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ಇಲಾಖೆ ಹಗಲು ಬರಬೇಡ ಅನ್ನುತ್ತದೆ, ಇನ್ನೊಂದು ರಾತ್ರಿ ಸದ್ದು ಮಾಡಬೇಡ ಅನ್ನುತ್ತದೆ. ಬೆಂಗಳೂರು ಮಾತ್ರ ಎರಡರ ನಡುವೆ ಸಂದಿ ಹುಡುಕಿಕೊಂಡು ಮಹಡಿ ಮೇಲೆ ಮಹಡಿ ಏರುತ್ತಲೇ ಇದೆ. ಫೋನ್ ಮಾಡಿ ದೂರು ಕೊಟ್ಟೆ. ಆ ಕಡೆಯವರು ತುಂಬ ಮರ್ಯಾದೆಯಿಂದ ಕೇಳಿದರು, "ಎಷ್ಟು ಡೆಸಿಬಲ್ ಇದೆ ಸಾರ್?" ಗೊತ್ತಿಲ್ಲ ಅಂದೆ. "ನಮ್ಮ ಕ್ವಾರ್ಟರ್ಸ್ ಪಕ್ಕದಲ್ಲೂ ಒಂದು ನಡೀತಿದೆ ಸಾರ್" ಅಂತ ನಿಟ್ಟುಸಿರು ಬಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಕಷ್ಟಸುಖ ಮಾತಾಡಿ ಫೋನ್ ಇಟ್ಟೆವು.

ಅಳೆಯುವವರು ಇಲ್ಲ ಅಂತಲ್ಲ. ದೇಶದ ಏಳು ದೊಡ್ಡ ನಗರಗಳಲ್ಲಿ ಹಗಲೂ ರಾತ್ರಿ ಸದ್ದು ಅಳೆಯುವ ಯಂತ್ರಗಳನ್ನು 2011ರಿಂದ ಕೂರಿಸಿದ್ದಾರೆ. ಬೆಂಗಳೂರಿಗೂ ಪಾಲು ಸಿಕ್ಕಿದೆ. ನಾವು ನಿದ್ದೆಗೆಟ್ಟದ್ದನ್ನು ಬರೆದಿಟ್ಟುಕೊಳ್ಳಲು ಒಂದು ಯಂತ್ರವೂ ನಿದ್ದೆಗೆಟ್ಟು ಕೂತಿದೆ. ಎಷ್ಟೋ ಸಮಾಧಾನ ಅಲ್ವಾ?

ಸಭೆ ಮುಗಿಸಿ ಬಂದವನು ನಾನೂ ಫೋನಿಗೆ ಒಂದು ಡೆಸಿಬಲ್ ಆಪ್ ಹಾಕಿಕೊಂಡೆ. ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೆ ಕೂತು ನೋಡಿದರೆ 52! ಕಿಟಕಿ ಹಾಕಿದೆ, 52. ಕಡೆಗೆ ತಲೆ ಎತ್ತಿದೆ. ಕಳ್ಳ ಮೇಲೆಯೇ ತಿರುಗುತ್ತಿದ್ದ. ಫ್ಯಾನ್ ಆಫ್ ಮಾಡಿದೆ, 38ಕ್ಕೆ ಇಳಿಯಿತು. ಹೆಂಡತಿ ತಟ್ಟನೆ ಎದ್ದು ಕೂತಳು.

"ಯಾಕ್ರೀ, ಕರೆಂಟ್ ಹೋಯ್ತಾ?"

ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಲಾರಿ ತಿರುಗುವಾಗ ಗೊರಕೆ ಹೊಡೆಯುತ್ತಿದ್ದವಳು ಇವಳೇ. ಫ್ಯಾನ್ ಇಲ್ಲದೆ ಇವಳಿಗೆ ನಿದ್ದೆ ಬಾರದು. ಗಾಳಿಗಲ್ಲ, ಸದ್ದಿಗೆ. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ನಾಲ್ಕರಲ್ಲಿ ಇರಬೇಕು, ಅದರ ಚಳಿ ತಡೆಯಲು ಮೇಲೆ ಎರಡು ರಗ್ಗು ಇರಬೇಕು. ನನಗೋ ಆ ಫ್ಯಾನು ಪ್ರತಿ ಸುತ್ತಿಗೊಮ್ಮೆ "ಟಿಕ್" ಅನ್ನುವುದು ತಲೆಗೆ ಮೊಳೆ ಹೊಡೆದ ಹಾಗೆ. "ಟಿಕ್ಕಾ? ಯಾವ ಟಿಕ್ಕು?" ಅನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಅದು ಕೇಳಿಸಿಲ್ಲ. ನನ್ನ ಗೊರಕೆ ಮಾತ್ರ ಎರಡು ಬಾಗಿಲು ದಾಟಿ ಕೇಳಿಸುತ್ತದಂತೆ. ನಾನು ಗೊರಕೆ ಹೊಡೆಯುವುದಿಲ್ಲ, ಅದು ಬೇರೆ ಮಾತು.

ಅಮ್ಮನದು ಇನ್ನೊಂದು ಥರ. ಹಾಲಿನಲ್ಲಿ ದಿವಾನದ ಮೇಲೆ ಮಲಗಿ ಧಾರಾವಾಹಿ ಹಾಕಿಕೊಳ್ಳುತ್ತಾರೆ. ಅತ್ತೆ ಸೊಸೆಯರು ಪರದೆ ಹರಿಯುವಂತೆ ಕೂಗಾಡುತ್ತಿದ್ದರೆ ಇವರಿಗೆ ಸುಖನಿದ್ದೆ. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ರಿಮೋಟ್ ಒತ್ತಿದೆನೋ, ಕಣ್ಣು ಮುಚ್ಚಿಕೊಂಡೇ "ಯಾಕೋ ಆಫ್ ಮಾಡ್ದೆ? ನೋಡ್ತಾ ಇದ್ದೆ" ಅನ್ನುತ್ತಾರೆ.

ಮಗಳು ಇವರೆಲ್ಲರಿಗಿಂತ ಮುಂದುವರಿದವಳು. ತಿಂಗಳಿಗೆ 99 ರೂಪಾಯಿ ಕೊಟ್ಟು ಸದ್ದು ಕೊಂಡುಕೊಳ್ಳುತ್ತಾಳೆ. ಅವಳ ಆಪ್‌ನಲ್ಲಿ ಬಿಳಿ ಸದ್ದು, ಗುಲಾಬಿ ಸದ್ದು, ಬ್ರೌನ್ ಸದ್ದು ಅಂತ ಸೀರೆ ಅಂಗಡಿಯ ಹಾಗೆ ಬಣ್ಣಗಳಿವೆ. (ಬ್ರೌನ್ ಅಂದರೆ ಬಣ್ಣವೇ ಅಲ್ಲವಂತೆ. ನೀರಿನಲ್ಲಿ ಕಣಗಳು ಗೊತ್ತುಗುರಿ ಇಲ್ಲದೆ ಕುಣಿಯುವುದನ್ನು 1827ರಲ್ಲಿ ಕಂಡ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿಯ ಹೆಸರಂತೆ. ಇದೂ ಮೇಷ್ಟ್ರು ಹೇಳಿದ್ದೇ.) ಅವಳಿಗೆ ಇಷ್ಟವಾದದ್ದು "ತಗಡಿನ ಮೇಲೆ ಮಳೆ".

ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆವು. ಪುನರ್ವಸು ಮಳೆ. ಹೆಂಚಿನ ಮೇಲೆ, ಅಡಿಕೆ ಸೋಗೆಯ ಮೇಲೆ, ಕೊಟ್ಟಿಗೆಯ ತಗಡಿನ ಮೇಲೆ ರಾತ್ರಿಯಿಡೀ ಸುರಿಯಿತು. ಜೊತೆಗೆ ಕಪ್ಪೆಗಳ ವಟವಟ. ಬೆಳಿಗ್ಗೆ ಮಗಳು ಕೆಂಪು ಕಣ್ಣು ಬಿಟ್ಟುಕೊಂಡು ಬಂದಳು. "ಅಜ್ಜಿ, ಆ ಮಳೆ ಸದ್ದಿಗೆ ನಿದ್ದೆನೇ ಬರ್ಲಿಲ್ಲ. ಇಯರ್‌ಫೋನ್ ಹಾಕಿ ಮಳೆ ಇಟ್ಕೊಂಡ್ರೂ ಕೇಳಿಸ್ತಿತ್ತು." ನಮ್ಮತ್ತೆ ಕಾಫಿ ಲೋಟ ಹಿಡಿದುಕೊಂಡು ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ನಮ್ಮದು ಉಲ್ಟಾ. ಸಂತೆ ನಿಂತರೆ ನಮಗೆ ಚಿಂತೆ. ಆದರೆ ಆ ಸಂತೆ ನಮ್ಮದೇ ಆಗಿರಬೇಕು. ನಮ್ಮ ಬೀದಿಯ ಗಣೇಶನ ಪೆಂಡಾಲಿನ ಹಾಡು ಭಕ್ತಿ, ಹಿಂದಿನ ಬೀದಿಯದ್ದು ಶಬ್ದ ಮಾಲಿನ್ಯ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ಹಬ್ಬದ ಮೈಕನ್ನು ರಾತ್ರಿ ಹನ್ನೆರಡರವರೆಗೆ ಬಿಡಲು ನಿಯಮದಲ್ಲೇ ಅವಕಾಶವಿದೆ. ಗಣೇಶನಿಂದ ಹಿಡಿದು ನವೆಂಬರ್ ತುಂಬ ನಡೆಯುವ ರಾಜ್ಯೋತ್ಸವದವರೆಗೆ ಆ ಹದಿನೈದು ಎಲ್ಲಿಗೆ ಸಾಕು? ಇದನ್ನು ಸಭೆಯಲ್ಲಿ ಹೇಳಿದ್ದು ನಮ್ಮ ಗಣೇಶೋತ್ಸವದ ಚಂದಾ ಎತ್ತುವವರು. ಎಲ್ಲರೂ ತಲೆ ಅಲ್ಲಾಡಿಸಿದರು.

ಸಭೆಯ ಬಗ್ಗೆ ಹೇಳುತ್ತಿದ್ದೆ. ಎರಡು ಗಂಟೆ ವಾದವಾದರೂ ಗ್ರೈಂಡರ್, ಟ್ರೆಡ್‌ಮಿಲ್, ರಾತ್ರಿ ಹನ್ನೊಂದರ ವಾಷಿಂಗ್ ಮೆಷಿನ್ ಯಾವುದನ್ನೂ ನಿಲ್ಲಿಸಲು ಆಗಲಿಲ್ಲ. ಅವಕ್ಕೆಲ್ಲ ಸಭೆಯಲ್ಲಿ ಓನರ್‌ಗಳಿದ್ದರು. ಉಳಿದದ್ದು ವಾಚ್‌ಮನ್ ತಾತನ ಸೀಟಿ. ಅರ್ಧ ಗಂಟೆಗೊಮ್ಮೆ ಸೀಟಿ ಊದಿ, ಗೇಟಿಗೆ ಎರಡು ಸಲ ಕೋಲು ಬಡಿಯುತ್ತಿದ್ದ. ತಾತ ಸಭೆಗೆ ಬಂದದ್ದು ಟೀ ಹಂಚಲು. ಸೀಟಿ ಬಂದ್ ಅಂತ ನಿರ್ಣಯವಾಯಿತು, ಪರ 16 ಮತ, ವಿರುದ್ಧ 14.

ಅವತ್ತು ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಏನೂ ಕೇಳಿಸುತ್ತಿಲ್ಲ. ಕಳ್ಳ ಬಂದರೆ? ಬಾಲ್ಕನಿಗೆ ಬಂದೆ. ಎದುರು ಬಾಲ್ಕನಿಯಲ್ಲಿ ಸೆಕ್ರೆಟರಿ ಮಂಕಿ ಕ್ಯಾಪ್ ಹಾಕಿ ನಿಂತಿದ್ದರು. ಕೆಳಗೆ ಮೇಷ್ಟ್ರು ಟಾರ್ಚ್ ಬಿಡುತ್ತಿದ್ದರು. ನಾಲ್ಕನೇ ಮಹಡಿಯಿಂದ ಯಾರೋ "ತಾತಾ, ಇದ್ದೀಯಾ?" ಅಂತ ಕೂಗಿದರು. ನಾಯಿಗಳು ಎದ್ದವು. ಕೂಸೂ ಎದ್ದಿತು. ತಾತ ಒಬ್ಬ ಏಳಲಿಲ್ಲ.

ಬೆಳಿಗ್ಗೆ ಕೇಳಿದರೆ, "ನಿಮ್ಮ ಪುಣ್ಯ ಸಾಮಿ, ಎಷ್ಟೋ ವರ್ಷ ಆದ್ಮೇಲೆ ಕಣ್ಣು ತುಂಬ ನಿದ್ದೆ ಬಂತು" ಅಂದ.

ಗುರುವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಸರ್ಕ್ಯುಲರ್ ಹಾಕಿದ್ದಾರೆ. ವಾಚ್‌ಮನ್ ಇನ್ನು ಮುಂದೆ ಅರ್ಧ ಗಂಟೆಗೊಮ್ಮೆ ಕಡ್ಡಾಯವಾಗಿ ಸೀಟಿ ಊದಬೇಕು, ಆದರೆ 45 ಡೆಸಿಬಲ್ ಮೀರಬಾರದು. ತಾತ ನನ್ನನ್ನು ನಿಲ್ಲಿಸಿ ಏನು ಬರೆದಿದೆ ಅಂತ ಓದಿಸಿಕೊಂಡ. ನಾನು ಫೋನ್ ತೆಗೆದು ಆಪ್ ಆನ್ ಮಾಡಿದೆ. ಅವನು ಮೆಲ್ಲಗೆ ಊದಿದ. ಕುಕ್ಕರ್ ವಿಷಲ್ ಹಾಕಲು ಹೋಗಿ ಮನಸ್ಸು ಬದಲಾಯಿಸಿದ ಹಾಗೆ "ಸುಸ್" ಅಂತ ಗಾಳಿ ಬಂತು.

"68" ಅಂದೆ.

"ಇನ್ನೂ ಮೆತ್ತಗಾ ಸಾಮಿ?" ಅಂತ ತಾತ ಸೀಟಿಯನ್ನು ಪಂಚೆಯ ತುದಿಗೆ ಒರೆಸಿಕೊಂಡ.