ಮುಕ್ತಿ ವಾಹನದ ಲೋಕಾರ್ಪಣೆ

ನಮ್ಮೂರಿಗೂ ಒಂದು ಮುಕ್ತಿ ವಾಹನ ಬಂತು. 'ಲೋಕಾರ್ಪಣೆ' ಅಂತ ಬ್ಯಾನರ್ ಕಟ್ಟಿದ್ದರು. ಯಾವ ಲೋಕಕ್ಕೆ ಅಂತ ಮಾತ್ರ ಬರೆದಿರಲಿಲ್ಲ. ಚಕ್ರದಡಿ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ಹಸಿರು ಬಾವುಟ ಬೀಸಿದರು. ಸಾಹೇಬರು ಮೈಕ್ ಹಿಡಿದು, "ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕು" ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ನಾಗರಿಕರು ಯಾಕೋ ಚಪ್ಪಾಳೆ ತಟ್ಟಲಿಲ್ಲ.

ಗಾಡಿಯ ಎರಡೂ ಪಕ್ಕ ಸಾಹೇಬರದೇ ಫೋಟೊ. ಕೈಮುಗಿದು ನಗುತ್ತಿದ್ದಾರೆ. ಶಿವನೂ ಇದ್ದಾನೆ, ಡೀಸೆಲ್ ಟ್ಯಾಂಕಿನ ಮುಚ್ಚಳದ ಹತ್ತಿರ, ಪಾಸ್‌ಪೋರ್ಟ್ ಸೈಜಿನಲ್ಲಿ. ಚುನಾವಣೆ ಬಂದಾಗ ನೀತಿಸಂಹಿತೆ ಅಂತ ಸಾಹೇಬರ ಮುಖಕ್ಕೆ ಪೇಪರ್ ಅಂಟಿಸಿದರು. ಗಾಡಿಯಲ್ಲಿ ಮಲಗಿ ಹೋಗೋರು ಓಟು ಹಾಕ್ತಾರಾ ಅಂತ ನೀವು ಕೇಳಬಹುದು. ನಮ್ಮೂರ ಮತದಾರರ ಪಟ್ಟಿ ನೋಡಿದವರು ಕೇಳುವುದಿಲ್ಲ.

ಈ ಗಾಡಿ ಬೇಕು, ಸುಳ್ಳಲ್ಲ. 108 ಆಂಬುಲೆನ್ಸ್ ಹೆಣ ಸಾಗಿಸುವುದಿಲ್ಲ. 2008ರಲ್ಲಿ ನಮ್ಮಲ್ಲಿ ಶುರುವಾಗಿದ್ದೇ ಜೀವ ಉಳಿಸೋಕೆ. ನಿಯಮ ಸರಿಯೇ ಇದೆ, ಇನ್ನೊಂದು ಜೀವ ಎಲ್ಲೋ ಅದಕ್ಕೆ ಕಾಯುತ್ತಿರುತ್ತೆ. ಆದರೆ ಬಡವನಿಗೆ ಆಸ್ಪತ್ರೆಗೆ ಹೋಗುವಾಗ ಗಾಡಿ ಪುಕ್ಕಟೆ, ವಾಪಸ್ ಬರುವುದು ಮಾತ್ರ ಅವನವನ ಹಣೆಬರಹ. 2016ರಲ್ಲಿ ಒಡಿಶಾದ ಕಾಳಾಹಂಡಿಯಲ್ಲಿ ಗಂಡನೊಬ್ಬ ಹೆಂಡತಿಯ ಹೆಣ ಹೆಗಲಿಗೇರಿಸಿ ಸುಮಾರು 10 ಕಿಲೋಮೀಟರ್ ನಡೆದ. ಪಕ್ಕದಲ್ಲಿ ಮಗಳು ಅಳುತ್ತಾ ಬಂದಳು. ಟಿವಿಯಲ್ಲಿ ನೋಡಿ ದೇಶವೆಲ್ಲ ಛೇ ಅಂದಿತು. 2024ರಲ್ಲಿ ನಮ್ಮದೇ ಪಾವಗಡ ತಾಲ್ಲೂಕಿನಲ್ಲಿ ಅಪ್ಪನ ಹೆಣವನ್ನು ಮಕ್ಕಳು ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಹೋದರು. ಎಂಟೇ ವರ್ಷದಲ್ಲಿ ಕಾಲ್ನಡಿಗೆಯಿಂದ ಬೈಕಿಗೆ ಬಂದಿದ್ದೇವೆ. ಅಭಿವೃದ್ಧಿ ಆಗಿಲ್ಲ ಅನ್ನೋರು ಯಾರು?

ಮೊನ್ನೆ ಪಕ್ಕದ ಮನೆ ಅಜ್ಜ ತೀರಿಕೊಂಡರು. ಮುಕ್ತಿ ವಾಹನಕ್ಕೆ ಫೋನ್ ಮಾಡಿದೆ.

"ಡ್ರೈವರ್ ಹುದ್ದೆ ಇನ್ನೂ ಮಂಜೂರಾಗಿಲ್ಲ ಸಾರ್. ಸೋಮವಾರ ಬಂದು ಒಂದು ಅರ್ಜಿ ಕೊಟ್ಟಿರಿ."

ಅವತ್ತು ಶುಕ್ರವಾರ. ಅಲ್ಲಿವರೆಗೆ ಅಜ್ಜ ಏನು ಮಾಡಬೇಕು ಅಂತ ಕೇಳಿದೆ.

"ಅವರ ಆಧಾರ್ ಜೆರಾಕ್ಸ್ ರೆಡಿ ಇಟ್ಕೊಳ್ಳಿ."

ಕೊನೆಗೆ ಅಜ್ಜ ಹೊರಟಿದ್ದು ಟ್ರ್ಯಾಕ್ಟರಿನಲ್ಲಿ, ತಮಟೆ ಸದ್ದಿನ ಜೊತೆ. ಹೋದ ವಾರ ಅದರಲ್ಲೇ ಗೊಬ್ಬರ ಹೊಡೆದಿದ್ದರು, ತೊಳೆದು ಬಾಳೆಕಂದು ಕಟ್ಟಿದೆವು. ದಾರಿಯಲ್ಲಿ ಮುಕ್ತಿ ವಾಹನ ಕಂಡಿತು. ಬೇವಿನ ಮರದ ಕೆಳಗೆ ನಿಂತಿತ್ತು, ನಾಲ್ಕೂ ಟೈರ್ ಕೂತಿದ್ದವು. ಗಾಡಿ ಕೆಳಗೆ ಮರಿ ಹಾಕಿದ್ದ ನಾಯಿ ತಮಟೆಗೂ ತಲೆ ಎತ್ತಲಿಲ್ಲ. ಮಳೆಗೆ ಪೇಪರ್ ಅರ್ಧ ಕಿತ್ತುಬಂದು, ಸಾಹೇಬರ ಹಲ್ಲಷ್ಟೇ ಕಾಣುತ್ತಿದ್ದವು.